ಯುದ್ಧದಲ್ಲಿ ಅಲ್ಲ, ಮೆನುವಿನಲ್ಲಿ ಸಾಯುತ್ತಿದ್ದ ಕಂಪ್ಯೂಟರ್

ಆಟದ ನಡುವೆ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಬಿಸಿಯಾಗಿರಬೇಕು’. ನಾನೂ ಹಾಗೆಯೇ ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದೆ, ಪ್ರೊಸೆಸರ್‌ಗೆ ಬಿಸಿ ಹೊರಸಾಗಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಫ್ಯಾನಿನ ಸದ್ದು ಇಳಿಯಿತು, ಕ್ರ್ಯಾಶ್ ನಿಲ್ಲಲಿಲ್ಲ. ಆಮೇಲೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಇಡೀ ಭಾನುವಾರ ಅದಕ್ಕೇ ಹೋಯಿತು. ರಾತ್ರಿ ಆಟ ಶುರು ಮಾಡಿದ ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪಾಗಿ, ಯಂತ್ರ ತಾನಾಗಿ ಮತ್ತೆ ಆನ್ ಆಯಿತು. ಸಿಟ್ಟಿನ ಜೊತೆಗೆ ನಗುವೂ ಬಂತು.

ಮರುದಿನ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು, ಪ್ರತಿ ಸಲ ಯಂತ್ರ ಹೇಗೆ ಸತ್ತಿತು ಎಂಬುದನ್ನಷ್ಟೇ ಬರೆಯತೊಡಗಿದೆ. ಯಾಕೆ ಎಂದು ಊಹಿಸುವುದನ್ನು ಬಿಟ್ಟುಬಿಟ್ಟೆ. ಸಾವುಗಳೆಲ್ಲ ಒಂದೇ ಥರ ಇರುವುದಿಲ್ಲ. ಆಟ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣುವುದು ಒಂದು ಬಗೆ. ಪರದೆ ಕಪ್ಪಾದರೂ ಹಿಂದಿನಿಂದ ಆಟದ ಧ್ವನಿ ಕೇಳುತ್ತಲೇ ಇರುವುದು ಇನ್ನೊಂದು. ಅಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಎರಡು ಸೆಕೆಂಡು ಉತ್ತರ ಕೊಡದೆ ಕೂತಿರುತ್ತದೆ, ವಿಂಡೋಸ್ ಅದನ್ನು ಎಬ್ಬಿಸಲು ಹೋಗಿ 4101 ಎಂಬ ದಾಖಲೆ ಬರೆದಿರುತ್ತದೆ. ವಿಂಡೋಸ್ ಕುಸಿದಾಗ ತೋರಿಸುವ ನೀಲಿ ಪರದೆ ಬಂದರೆ ಅದೃಷ್ಟ, ಏಕೆಂದರೆ ಅದರಲ್ಲಿ ದೋಷದ ಹೆಸರಾದರೂ ಇರುತ್ತದೆ. ಕಡೆಯದು, ಸ್ವಿಚ್ ಆರಿಸಿದಂತೆ ಒಮ್ಮೆಲೇ ಎಲ್ಲವೂ ಹೋಗಿ ಮತ್ತೆ ಆನ್ ಆಗುವುದು.

ವಾರದ ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂಬತ್ತು ಸಾಲುಗಳಿದ್ದವು. ಆರು ಸಲ ಯಂತ್ರವೇ ಹೋಗಿತ್ತು, ಮೂರು ಸಲ ಆಟ ಮಾತ್ರ. ಅಷ್ಟು ದಿನ ಇವೆರಡನ್ನೂ ಒಂದೇ ಕಾಯಿಲೆ ಎಂದುಕೊಂಡು ಒಂದೇ ಔಷಧ ಹುಡುಕುತ್ತಿದ್ದೆ.

ಮೊದಲು ದೊಡ್ಡದನ್ನು ಹಿಡಿದೆ. ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಆರು ಸಲವೂ ಕರ್ನಲ್-ಪವರ್ 41 ಎಂಬ ಕೆಂಪು ಗುರುತು. ಇದನ್ನು ಕಂಡೊಡನೆ ಪವರ್ ಸಪ್ಲೈ ಕೆಟ್ಟಿದೆ ಎಂದು ಹೊಸದನ್ನು ಕೊಳ್ಳಲು ಓಡುವವರಿದ್ದಾರೆ. 41 ಹೇಳುವುದು ಇಷ್ಟೇ: ಕಳೆದ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ ಸಂಖ್ಯೆ ಬರುತ್ತದೆ. ನೋಡಬೇಕಾದದ್ದು ಅದರ ವಿವರದೊಳಗಿನ ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ದೋಷಸಂಖ್ಯೆ. ನೀಲಿ ಪರದೆ ಕಣ್ಣಿಗೆ ಬೀಳದಷ್ಟು ಬೇಗ ಬಂದು ಹೋಗಿದ್ದರೂ ಅಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಉಳಿದಿರುತ್ತದೆ. ನನ್ನಲ್ಲಿ ಆರು ಸಲವೂ ಸೊನ್ನೆ. ಏನಾಯಿತೆಂದು ಬರೆದಿಡಲೂ ವಿಂಡೋಸ್‌ಗೆ ಸಮಯ ಸಿಕ್ಕಿರಲಿಲ್ಲ.

ಇನ್ನೊಂದು ವಿಚಿತ್ರ ನೋಟ್‌ಬುಕ್ಕಿನಿಂದಲೇ ಸಿಕ್ಕಿತು. ಆರರಲ್ಲಿ ನಾಲ್ಕು ಸಲ ಯಂತ್ರ ಸತ್ತದ್ದು ಸ್ಫೋಟ, ಹೊಗೆ, ನೂರಾರು ಸೈನಿಕರ ನಡುವೆ ಅಲ್ಲ. ಆಟದ ಮೆನು ತೆರೆದಾಗ, ಇಲ್ಲವೇ ಮೆನುವಿನಿಂದ ಆಟಕ್ಕೆ ಮರಳಿದಾಗ. ಫ್ರೇಮ್ ದರಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕೆಂಬುದಕ್ಕೆ, ನಾನು ಮಿತಿ ಹಾಕಿರಲಿಲ್ಲ. ಮೆನುವಿನಲ್ಲಿ ಬಿಡಿಸಲು ಹೆಚ್ಚೇನೂ ಇಲ್ಲದ್ದರಿಂದ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 600ಕ್ಕೂ ಹೆಚ್ಚು ಫ್ರೇಮ್ ಹೊರಹಾಕುತ್ತಿತ್ತು. ಕಿವಿಗೊಟ್ಟರೆ ಕ್ಯಾಬಿನೆಟ್ಟಿನೊಳಗಿಂದ ಸೊಳ್ಳೆಯಂಥ ಕೀರಲು ದನಿ. ಅಷ್ಟು ದಿನ ಅದನ್ನು ಫ್ಯಾನ್ ಎಂದುಕೊಂಡಿದ್ದೆ. ಅದು ಕಾರ್ಡಿನ ಕಾಯಿಲ್‌ಗಳದ್ದು, ಅಂದರೆ ತಂತಿ ಸುರುಳಿಗಳದ್ದು.

ಯಂತ್ರದ ಭಾಗಗಳ ಮೇಲೆ ಕಣ್ಣಿಡುವ ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ಉಷ್ಣತೆಯನ್ನೂ ವಿದ್ಯುತ್ ಬಳಕೆಯನ್ನೂ ಫೈಲಿಗೆ ಬರೆಸಿದೆ. ಸಾಯುವ ಮುಂಚಿನ ಕೊನೆಯ ಸಾಲಿನಲ್ಲಿ ಗ್ರಾಫಿಕ್ಸ್ ಚಿಪ್ 68 ಡಿಗ್ರಿ. ಬಿಸಿಯ ಮಾತು ಅಲ್ಲಿಗೆ ಮುಗಿಯಿತು. ವಿದ್ಯುತ್ ಬಳಕೆಯೂ ಮಿತಿಯೊಳಗೇ ಇತ್ತು, ಆದರೆ ಆ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ತಂತ್ರಾಂಶ ಎರಡು ಸೆಕೆಂಡಿಗೊಮ್ಮೆ ಇಣುಕುತ್ತದೆ. ಆ ನಡುವೆ ಕಾರ್ಡ್ ಕೆಲವೇ ಮಿಲಿಸೆಕೆಂಡು ತನ್ನ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ ಎಳೆದು ಸುಮ್ಮನಾಗಿರುತ್ತದೆ.

ಹಾಗಾಗಿ ತಿರುಗಿಸಿ ಪರೀಕ್ಷಿಸಿದೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ ಅನ್ನು 70 ಶೇಕಡಾಕ್ಕೆ ಇಳಿಸಿದೆ, ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮೂರು ಸಂಜೆ ಒಮ್ಮೆಯೂ ಹೋಗಲಿಲ್ಲ. ಮತ್ತೆ 100ಕ್ಕೆ ಏರಿಸಿದೆ, ಅದೇ ರಾತ್ರಿ ಹೋಯಿತು.

ಟಾರ್ಚ್ ಹಿಡಿದು ಕಾರ್ಡಿನ ತಲೆಯ ಮೇಲಿನ ಎರಡು 8-ಪಿನ್ ಕನೆಕ್ಟರ್‌ಗಳನ್ನು ಹಿಂಬಾಲಿಸಿದೆ. ಎರಡೂ ಒಂದೇ ಕೇಬಲ್ಲಿನ ಕವಲುಗಳು. ಜೋಡಿಸುವ ದಿನ ತಂತಿ ಕಡಿಮೆ ಕಂಡರೆ ಚೆಂದ ಎಂದು ಹಾಗೆ ಹಾಕಿದವನು ನಾನೇ. ಒಂದೊಂದು 8-ಪಿನ್‌ಗೆ 150 ವ್ಯಾಟ್, ಮದರ್‌ಬೋರ್ಡಿನ ಸ್ಲಾಟ್‌ಗೆ 75 ವ್ಯಾಟ್ ಎಂಬುದು ನಿಗದಿತ ಲೆಕ್ಕ. 300 ವ್ಯಾಟಿನ ಕಾರ್ಡಿಗೆ ಎರಡು ಕೊಳವೆಗಳಿಂದ ಬರಬೇಕಾದದ್ದನ್ನು ಒಂದೇ ಕೊಳವೆಯಿಂದ ಹೀರಿಸುತ್ತಿದ್ದೆ. ಒಮ್ಮೆಲೇ ಎಳೆದಾಗ ತಂತಿಯಲ್ಲೂ ಪಿನ್ನುಗಳಲ್ಲೂ ವೋಲ್ಟೇಜ್ ಕುಸಿಯುತ್ತದೆ. ಪವರ್ ಸಪ್ಲೈ ಜೊತೆ ಬಂದಿದ್ದ ಚೀಲದಲ್ಲಿ ಎರಡನೆಯ ಕೇಬಲ್ ಮಡಚಿದ ಮಡಿಕೆ ಬಿಚ್ಚದೆ ಬಿದ್ದಿತ್ತು. (ಬೇರೆ ಪವರ್ ಸಪ್ಲೈಯ ಕೇಬಲ್ ಕೈಗೆ ಸಿಕ್ಕರೆ, ಕೂತುಕೊಂಡಿತೆಂದು ಮಾತ್ರ ಹಾಕಬೇಡಿ. ಸಪ್ಲೈ ಕಡೆಯ ತುದಿಯಲ್ಲಿ ಪಿನ್‌ಗಳ ಜೋಡಣೆ ಒಂದರಂತೆ ಇನ್ನೊಂದು ಇರುವುದಿಲ್ಲ. ಕಾರ್ಡೋ ಡಿಸ್ಕೋ ಸುಟ್ಟೇ ಹೋಗಬಹುದು.)

ಎರಡು ಕನೆಕ್ಟರ್‌ಗಳಿಗೆ ಎರಡು ಕೇಬಲ್ ಹಾಕಿದೆ. ಹತ್ತು ದಿನ ನೆಮ್ಮದಿ. ಹನ್ನೊಂದನೆಯ ದಿನ ಹಳೆಯ ಕವಲು ಕೇಬಲ್ಲನ್ನೇ ಮತ್ತೆ ಸಿಕ್ಕಿಸಿ ಮೆನು ತೆರೆದು ಕೂತೆ. ಮನೆಯವರಿಗೆ ಇದು ಹುಚ್ಚಾಗಿ ಕಂಡಿತು. ಹದಿನಾಲ್ಕು ನಿಮಿಷಕ್ಕೆ ಯಂತ್ರ ಹೋಯಿತು. ಅಷ್ಟು ಖುಷಿ ಕೊಟ್ಟ ಕ್ರ್ಯಾಶ್ ಬೇರೆ ಇಲ್ಲ. ಕಾಯಿಲೆಯನ್ನು ಬೇಕೆಂದಾಗ ಮತ್ತೆ ಬರಿಸಲು ಆಗುವವರೆಗೆ ಅದು ವಾಸಿಯಾಯಿತೆಂದು ನಾನು ಒಪ್ಪುವುದಿಲ್ಲ.

ಉಳಿದದ್ದು ಆಟ ಮಾತ್ರ ಮುಚ್ಚಿಕೊಳ್ಳುವ ಚಿಕ್ಕ ಕಾಯಿಲೆ. ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಬೇರುಸಹಿತ ಕಿತ್ತು ಹಾಕಿ ಹೊಸದನ್ನು ಹಾಕಿದರೂ ಹೋಗಲಿಲ್ಲ. ದಾಖಲೆಯಲ್ಲಿ ಪ್ರತಿ ಸಲ ದೋಷಸಂಖ್ಯೆ ಸಿ0000005, ಅಂದರೆ ತನ್ನದಲ್ಲದ ಮೆಮೊರಿ ಜಾಗಕ್ಕೆ ಕೈ ಹಾಕಿದ್ದು. ತಪ್ಪು ಮಾಡಿದ ಫೈಲಿನ ಹೆಸರು ಮಾತ್ರ ಪ್ರತಿ ಸಲ ಬೇರೆ. ಒಂದೇ ಫೈಲ್ ಆಗಿದ್ದರೆ ಆಟವನ್ನು ದೂರುತ್ತಿದ್ದೆ. ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿ ಮಲಗಿದೆ. ಬೆಳಿಗ್ಗೆ ಎರಡನೆಯ ಸುತ್ತಿನಲ್ಲಿ ಮೂರು ದೋಷಗಳು ಕೆಂಪಗೆ ನಿಂತಿದ್ದವು. ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ, ರ‍್ಯಾಮನ್ನು ಪೊಟ್ಟಣದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿಯನ್ನು ಆಫ್ ಮಾಡಿ ಮತ್ತೆ ಓಡಿಸಿದರೆ ಒಂದೂ ಇಲ್ಲ. ರ‍್ಯಾಮ್ ಪೊಟ್ಟಣದ ಮೇಲೆ ವೇಗ 3600 ಎಂದಿದೆ, ನನ್ನ ಪ್ರೊಸೆಸರ್ ಅಧಿಕೃತವಾಗಿ ಒಪ್ಪುವುದು 3200ರವರೆಗೆ. ಪೊಟ್ಟಣದ ವೇಗ ಎಂದರೆ ಓವರ್‌ಕ್ಲಾಕ್, ಅಂದರೆ ಅಧಿಕೃತ ಮಿತಿ ಮೀರಿದ ಓಟ ಎಂಬುದನ್ನು ಮರೆತಿದ್ದೆ. 3200ಕ್ಕೆ ಇಳಿಸಿ ನಾಲ್ಕು ಸುತ್ತು ಪೂರ್ತಿ ಓಡಿಸಿದೆ, ಶುದ್ಧ. ಆಟದಲ್ಲಿ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣಲಿಲ್ಲ.

ಆ ದಿನಗಳಲ್ಲಿ ಬರೆಯಲ್ಪಟ್ಟ ಒಂದು ಸೇವ್ ಫೈಲ್ ಮಾತ್ರ ಇಂದಿಗೂ ತೆರೆಯುವುದಿಲ್ಲ. ನಲವತ್ತು ಗಂಟೆಯ ಆಟ ಅದರಲ್ಲಿದೆ. ಹಳೆಯ ಪ್ರತಿಯೊಂದರಿಂದ ಮತ್ತೆ ಶುರು ಮಾಡಿದ್ದೇನೆ. ಮೆನುವಿಗೆ 60 ಫ್ರೇಮಿನ ಮಿತಿ ಹಾಕಿದ ಮೇಲೆ ಸೊಳ್ಳೆಯ ದನಿಯೂ ನಿಂತಿದೆ.