ನಿಮ್ಮೂರ ಕಡಲ ದಂಡೆ ನೀವೇ ಅಳೀರಿ: ಎರಡು ಪೈಪು, ಒಂದು ಹಗ್ಗ, ಒಂದು ನೋಟ್‌ಬುಕ್ಕು

ಮಳೆಗಾಲ ಶುರುವಾದ್ರೆ ಸಾಕು, ಉಳ್ಳಾಲ, ಮರವಂತೆ, ಪಡುಕೆರೆ ಕಡೆಯಿಂದ ಅದೇ ಫೋಟೋ ಬರತ್ತೆ, ಬುಡ ಕಳ್ಕೊಂಡ ತೆಂಗಿನಮರ, ಅರ್ಧ ಕಿತ್ತೋದ ರಸ್ತೆ. ಅಧಿಕಾರಿಗಳು ಬರ್ತಾರೆ, ನಾವು ಕಲ್ಲು ಹಾಕ್ಸಿ ಅಂತೀವಿ, ಎಷ್ಟು ಹೋಗಿದೆ ಅಂತ ಅವರು ಕೇಳಿದ್ರೆ ಮಾತ್ರ "ಮೊದಲು ಅಲ್ಲೀವರೆಗೂ ಇತ್ತು ಸರ್" ಅಂತ ನೀರಿನ ಕಡೆ ಕೈ ತೋರಿಸ್ತೀವಿ. ಆ "ಅಲ್ಲೀವರೆಗೂ" ಅನ್ನೋದನ್ನ ಮೀಟರು ಸೆಂಟಿಮೀಟರಲ್ಲಿ ಹೇಳೋಕೆ ಊರವರಿಗೆ, ಹೈಸ್ಕೂಲು ಮಕ್ಕಳಿಗೆ ಬರಬೇಕು ಅನ್ನೋದು ನನ್ನ ಆಸೆ, ಮತ್ತೆ ಇದು ಕಷ್ಟ ಏನಲ್ಲ.

ಒಂದು ವಿಷಯ ಮೊದಲೇ ತಲೇಲಿರ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆ ದಂಡೆಯ ಮರಳನ್ನ ಎಳ್ಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರೊಳಗೆ ದಿಬ್ಬ ಮಾಡಿಡತ್ತೆ, ಅಕ್ಟೋಬರ್ ಕಳೆದ್ಮೇಲೆ ಸಣ್ಣ ಅಲೆ ಅದನ್ನೇ ನಿಧಾನಕ್ಕೆ ವಾಪಸ್ ತಂದು ಹಾಕತ್ತೆ. ಹಾಗಾಗಿ ಜುಲೈನಲ್ಲಿ ಹೋಗಿದ್ದೆಲ್ಲ ಕಡಲ್ಕೊರೆತ ಅಲ್ಲ. ಈ ಜನವರಿಯನ್ನ ಹೋದ ಜನವರಿ ಜೊತೆ ಹೋಲಿಸಿ, ಆಗಲೂ ಕಮ್ಮಿ ಕಂಡ್ರೆ, ಮುಂದಿನ ವರ್ಷ ಇನ್ನೂ ಕಮ್ಮಿ ಆದ್ರೆ, ಆ ಮರಳು ವಾಪಸ್ ಬರ್ತಿಲ್ಲ ಅಂತ ಅರ್ಥ. ಇದಕ್ಕೆ ತಿಂಗಳು ತಿಂಗಳು ಅಳೀಬೇಕು, ಬೇರೆ ದಾರಿ ಇಲ್ಲ.

ಮೊದಲ ಕೆಲಸ, ಗುರುತು. ದಂಡೆಯಿಂದ ಒಳಗೆ, ಕದಲದ ಒಂದು ಜಾಗ ಆರಿಸ್ಕೊಳ್ಳಿ, ಭಜನಾ ಮಂದಿರದ ಪಾಗಾರದ ಮೂಲೆ, ಹಳೇ ಬಾವಿಕಟ್ಟೆ, ಹೀಗೆ. ತೆಂಗಿನಮರ ಬೇಡ. ನಾವು ಮೊದಲ ಸಲ ಮರಕ್ಕೇ ಕೆಂಪು ಪೇಂಟ್ ಹಚ್ಚಿದ್ವಿ, ಆಗಸ್ಟ್‌ನಲ್ಲಿ ಆ ಮರಾನೇ ನೀರಿಗೆ ಬಿತ್ತು, ಅಲ್ಲೀವರೆಗೆ ಬರೆದಿದ್ದೆಲ್ಲ ವೇಸ್ಟ್ ಆಯ್ತು. ಗುರುತು ಎರಡಿದ್ರೆ ಒಳ್ಳೇದು, ಎರಡನ್ನೂ ಒಂದೇ ಗೆರೇಲಿ ಹಿಡಿದು ನೀರಿನ ಕಡೆ ನಡೆದ್ರೆ ಪ್ರತಿ ತಿಂಗಳೂ ಅದೇ ದಾರಿ ಸಿಗತ್ತೆ.

ಆಮೇಲೆ ಒಂದೂವರೆ ಮೀಟರಿನ ಎರಡು ಪಿವಿಸಿ ಪೈಪು ತಗೊಂಡು, ಮೇಲಿನ ತುದಿಗೆ ಸೊನ್ನೆ ಇಟ್ಟು ಕೆಳಗಿನವರೆಗೆ ಸೆಂಟಿಮೀಟರ್ ಗೆರೆ ಹಾಕಿ. ಸೊನ್ನೆ ಮೇಲೇ ಇರಬೇಕು, ಇಲ್ಲಿ ತಪ್ಪೋರು ಜಾಸ್ತಿ. ಬುಡಕ್ಕೆ ಅಂಗೈ ಅಗಲದ ಹಲಗೆ ತುಂಡು ಜೋಡಿಸಿ, ಇಲ್ಲಾಂದ್ರೆ ಒದ್ದೆ ಮರಳಲ್ಲಿ ಪೈಪು ಹೂತು ಲೆಕ್ಕ ಕೆಡತ್ತೆ. ಎರಡಕ್ಕೂ ನಡುವೆ ಎರಡು ಮೀಟರಿನ ಹಗ್ಗ. ಇಷ್ಟೇ ಸಾಮಾನು, 1961ರಲ್ಲಿ ಎಮರಿ ಅನ್ನೋ ಅಮೆರಿಕದ ವಿಜ್ಞಾನಿ ಹೇಳಿಕೊಟ್ಟ ವಿಧಾನ ಇದು, ಈಗ್ಲೂ ಜಗತ್ತಿನ ಎಷ್ಟೋ ಕಡೆ ಇದನ್ನೇ ಬಳಸ್ತಾರೆ. ದಂಡೆ ಅಳೆಯೋದನ್ನ ಶಾಲೆ ಮಕ್ಕಳಿಗೇ ಕಲಿಸೋ ಸ್ಯಾಂಡ್‌ವಾಚ್ ಅನ್ನೋ ಕಾರ್ಯಕ್ರಮಾನೂ ಇದೆ, ಯುನೆಸ್ಕೋದವರು ಕೆರಿಬಿಯನ್ ದ್ವೀಪಗಳಲ್ಲಿ ಶುರು ಮಾಡಿದ್ದು.

ಅಳೆಯೋಕೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಆಸುಪಾಸಿನ ದಿನ ಇಟ್ಕೊಳ್ಳಿ, ಆಗ ಇಳಿತದಲ್ಲಿ ನೀರು ತುಂಬಾ ಕೆಳಗೆ ಹೋಗತ್ತೆ, ಜಾಸ್ತಿ ದಂಡೆ ಸಿಗತ್ತೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತಾ ಇರತ್ತೆ, ದೋಣಿಯವರನ್ನ ಕೇಳಿದ್ರೆ ಸರಿಯಾಗಿ ಹೇಳ್ತಾರೆ.

ಗುರುತಿನ ಹತ್ರ ಒಬ್ರು ಒಂದು ಪೈಪು ಹಿಡ್ಕೊಳ್ಳಿ, ಇನ್ನೊಬ್ರು ಹಗ್ಗ ಬಿಗಿ ಆಗೋವರೆಗೆ ನೀರಿನ ಕಡೆ ಹೋಗಿ ಎರಡನೇದನ್ನ ನೆಟ್ಟಗೆ ನಿಲ್ಲಿಸ್ಲಿ. ಈಗ ಹಿಂದಿನೋರು ಬಗ್ಗಿ, ಮುಂದಿನ ಪೈಪಿನ ತುದಿ, ಕಡಲು ಆಕಾಶ ಸೇರೋ ಗೆರೆ, ಇವೆರಡೂ ಒಂದೇ ಸಾಲಿಗೆ ಬರೋ ಹಾಗೆ ಕಣ್ಣಿಡಬೇಕು, ಆ ನೋಟ ತಮ್ಮ ಪೈಪಿನ ಎಷ್ಟನೇ ಗೆರೆ ಮೇಲೆ ಹಾದು ಹೋಗತ್ತೋ ಅಷ್ಟು ಸೆಂಟಿಮೀಟರ್ ನೆಲ ಇಳಿದಿದೆ. 12 ಬಂತಾ, ಮೈನಸ್ 12 ಅಂತ ಬರೀರಿ. ಮುಂದೆ ದಿಬ್ಬ ಇದ್ರೆ ಉಲ್ಟಾ, ತಮ್ಮ ಪೈಪಿನ ತುದಿಯಿಂದ ಕಡಲು ಆಕಾಶ ಸೇರೋ ಗೆರೆ ನೋಡಿ ಮುಂದಿನ ಪೈಪಿನ ಮೇಲಿನ ನಂಬರ್ ಓದಿ, ಪ್ಲಸ್ ಹಾಕಿ. ಆಮೇಲೆ ಹಿಂದಿನೋರು ಮುಂದಿನ ಪೈಪು ಇದ್ದ ಜಾಗಕ್ಕೇ ಬಂದು ನಿಂತು ಮತ್ತೆ ಅದೇ, ಹೀಗೆ 30 ಸಲ ಮಾಡಿದ್ರೆ 60 ಮೀಟರ್ ಆಯ್ತು. ಮೊಣಕಾಲುದ್ದ ನೀರಿಗೆ ನಿಲ್ಲಿಸಿ, ಮಕ್ಕಳಿದ್ರೆ ಇನ್ನೂ ಮೊದಲೇ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ದೊಡ್ಡ ಅಲೆ ಎಚ್ಚರಿಕೆ ಕೊಟ್ಟ ದಿನ ದಂಡೆಗೆ ಹೋಗೋದೇ ಬೇಡ.

ಮನೆಗೆ ಬಂದು ಒಂದೊಂದೇ ನಂಬರ್ ಕೂಡ್ತಾ ಗ್ರಾಫ್ ಹಾಳೇಲಿ ಚುಕ್ಕಿ ಇಟ್ಟು ಸೇರಿಸಿದ್ರೆ ದಂಡೆಯ ಸೈಡ್ ನೋಟ ಮೂಡತ್ತೆ, ತಿಂಗಳಿಗೊಂದು ಬಣ್ಣ. ಜೊತೆಗೆ ಗುರುತಿನಿಂದ ಎಷ್ಟು ಮೀಟರಿಗೆ ನೇರಳೆ ಹೂವಿನ ಬಳ್ಳಿ ಮುಗಿಯತ್ತೆ ಅಂತಾನೂ ಬರೀರಿ, ಮರಳನ್ನ ಹಿಡಿದಿಡೋದು ಅದೇ, ಅದು ಹಿಂದೆ ಸರೀತಾ ಇದ್ರೆ ಗಮನ ಕೊಡಬೇಕು. ಹತ್ರದಲ್ಲಿ ಕಲ್ಲಿನ ತಡೆಗೋಡೆ ಇದ್ರೆ ಅದು ಮುಗಿಯೋ ಜಾಗದಾಚೆಗೂ ಒಂದು ಗೆರೆ ಅಳೀರಿ, ಎಷ್ಟೋ ಕಡೆ ಗೋಡೆ ಮುಗಿದಲ್ಲೇ ಪಕ್ಕದ ದಂಡೆ ಜೋರಾಗಿ ಕೊರೆಯತ್ತೆ. ಗೋಡೆ ಬೇಕೋ ಬೇಡ್ವೋ ಅನ್ನೋ ಚರ್ಚೆಗೆ ಈ ಒಂದು ಗೆರೆ ಬಹಳ ಮುಖ್ಯ, ಪಕ್ಕದ ಮನೆಯವರ ಕಷ್ಟ ಅದರಲ್ಲೇ ಕಾಣೋದು.

ಎರಡು ವರ್ಷದ ಗ್ರಾಫ್ ಸೇರಿದ್ಮೇಲೆ ಗ್ರಾಮಸಭೇಲಿ ಗೋಡೆಗೆ ಅಂಟಿಸಿ ತೋರಿಸಿ, ಒಂದು ಪ್ರತಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ ಅರ್ಜಿ ಜೊತೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಸುರತ್ಕಲ್ ಎನ್‌ಐಟಿಕೆಯಂಥ ಕಡೆ ಸಮುದ್ರ ಇಂಜಿನಿಯರಿಂಗ್ ಹೇಳಿಕೊಡೋರಿಗೂ ತೋರಿಸಿ. ನೋಟ್‌ಬುಕ್ಕು ಮಾತ್ರ ಯಾರಿಗೂ ಬಿಟ್ಟು ಬರಬೇಡಿ, ಕೊಡೋದು ಜೆರಾಕ್ಸ್. ಪ್ರತಿ ಸಲ ಬರೆದ ಪುಟದ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೂ ಹಾಕಿ, ಪುಸ್ತಕ ಮಳೇಲಿ ನೆನೆದ್ರೂ ನಂಬರ್ ಉಳಿಯತ್ತೆ.