ಮಂಡಿ ಚಿಪ್ಪಿಗೆ ಬಟನ್: ಹಾಸನದ ಓಟಿಯಲ್ಲಿ ನನ್ನ ಅನುಭವ

ಈಗ ನಾನು ಮಾಡುವ ಟೋಟಲ್ ನೀಗಳಲ್ಲಿ, ಅಂದರೆ ಮಂಡಿ ಕೀಲು ಬದಲಿಸುವ ಆಪರೇಷನ್‌ಗಳಲ್ಲಿ, ಹೆಚ್ಚುಕಡಿಮೆ ಎಲ್ಲದರಲ್ಲೂ ಚಿಪ್ಪಿನ ಹಿಂಭಾಗ ಕುಯ್ದು ಅಲ್ಲಿಗೆ ಬಟನ್, ಅಂದರೆ ಗುಂಡನೆಯ ಪ್ಲಾಸ್ಟಿಕ್ ತುಂಡು, ಹಾಕುತ್ತೇನೆ. ಶುರು ಮಾಡಿದಾಗ "ನಮ್ಮ ಹೆಂಗಸರ ಚಿಪ್ಪು ತೆಳು, ಕುಯ್ದರೆ ಒಡೆಯುತ್ತೆ, ಸುಮ್ನೆ ಯಾಕೆ ಕೈ ಹಾಕ್ತೀಯ" ಎಂದವರೇ ಜಾಸ್ತಿ. ಮೈಸೂರಿನ ಒಂದು ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ಎಲ್ಲರ ಎದುರಿಗೇ "ಹಾಸನದಲ್ಲಿ ಚಿಪ್ಪು ಒಡೆಯೋ ಸ್ಪೆಷಲಿಸ್ಟ್" ಎಂದು ಕಿಚಾಯಿಸಿದ್ದರು. ಐದಾರು ವರ್ಷವಾಯಿತು. ಇನ್ನೂರು ಚಿಲ್ಲರೆ ಮಂಡಿ ದಾಟಿದೆ. ಒಡೆದದ್ದು ಒಂದು, ಅದೂ ಬೈಕಿನಿಂದ ಬಿದ್ದು. ಈಗ ಅದೇ ಹಿರಿಯರು ತಮ್ಮ ಹುಡುಗರನ್ನು ನನ್ನ ಓಟಿಗೆ ಕಳಿಸುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಹಾಕಬೇಕೋ ಬೇಡವೋ ಎಂಬ ಜಗಳ ನಿಮಗೆ ಗೊತ್ತಿದ್ದದ್ದೇ. ಅಮೆರಿಕದಲ್ಲಿ ಬಹಳ ಜನ ಹಾಕುತ್ತಾರೆ, ಸ್ವೀಡನ್ನಿನಲ್ಲಿ ಹಾಕುವವರು ಅಪರೂಪ. ಇಂಗ್ಲೆಂಡಿನ ಕ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಅಲ್ಲಿನ ಸಂಸ್ಥೆ ನೈಸ್ 2020ರಲ್ಲಿ ಹಾಕಿ ಎಂದೇ ಹೇಳಿತು. ಇಂಥ ಆಪರೇಷನ್‌ಗಳ ಲೆಕ್ಕ ಇಡುವ ಆಸ್ಟ್ರೇಲಿಯಾದ ರಿಜಿಸ್ಟ್ರಿಯಲ್ಲಿ ಬಟನ್ ಇರುವ ಮಂಡಿಗಳಿಗೆ ರಿವಿಷನ್, ಅಂದರೆ ಮತ್ತೆ ಆಪರೇಷನ್, ಕಡಿಮೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಬಟನ್ ಇಲ್ಲದವರಿಗೆ ನೋವು ಬಂದರೆ "ಬನ್ನಿ, ಒಂದು ಬಟನ್ ಹಾಕೋಣ" ಎನ್ನಬಹುದು, ಇರುವವರಿಗೆ ಹಾಗೆ ಹೇಳಲು ಏನೂ ಇರುವುದಿಲ್ಲ. ಸಂಖ್ಯೆ ಅಲ್ಲೇ ವಾಲುತ್ತದೆ. ಅದೇನೇ ಇರಲಿ, ಸ್ವೀಡನ್ನಿನ ಅಜ್ಜಿ ಸಕಲೇಶಪುರದ ಇಳಿಜಾರಿನಲ್ಲಿ ಕಾಫಿ ಹಣ್ಣಿನ ಚೀಲ ಹೊತ್ತು ಇಳಿಯುವುದಿಲ್ಲ ಅಲ್ವಾ.

ನನ್ನ ತಲೆ ಕೆಡಿಸಿದ್ದು ಈ ಇಳಿಜಾರೇ. ಬಟನ್ ಹಾಕದೆ ಮಾಡುತ್ತಿದ್ದ ದಿನಗಳಲ್ಲಿ ಆಸ್ಟಿಯೋಫೈಟ್ (ಅಂಚಿನಲ್ಲಿ ಬೆಳೆದ ಮೂಳೆ ಮುಳ್ಳು) ತೆಗೆದು, ಸುತ್ತ ಕಾಟರಿಯಿಂದ ಸುಟ್ಟು, ಟ್ರ್ಯಾಕಿಂಗ್, ಅಂದರೆ ಚಿಪ್ಪು ತನ್ನ ಜಾಡಿನಲ್ಲಿ ಸರಿಯುವುದನ್ನು, ನೋಡಿ ಮುಚ್ಚುತ್ತಿದ್ದೆ. ಎಕ್ಸ್‌ರೇ ಚೆನ್ನಾಗಿರುತ್ತಿತ್ತು, ಬೆಂಡಿಂಗ್ 120 ಡಿಗ್ರಿ ಬರುತ್ತಿತ್ತು. ಆರು ತಿಂಗಳಿಗೆ ಬಂದು "ಹತ್ತುವಾಗ ಪರವಾಗಿಲ್ಲ ಸಾರ್, ಇಳಿಯುವಾಗ ಮುಂದೆ ಚುಚ್ಚುತ್ತೆ" ಎನ್ನುವವರು ಹತ್ತರಲ್ಲಿ ಒಬ್ಬರಾದರೂ ಇರುತ್ತಿದ್ದರು. ಆಲೂರು, ಸಕಲೇಶಪುರ ಕಡೆಯವರಲ್ಲಿ ಇನ್ನೂ ಜಾಸ್ತಿ, ಅರಸೀಕೆರೆ ಬಯಲಿನವರಲ್ಲಿ ಕಡಿಮೆ. ಇದನ್ನು ಯಾರೂ ಎಣಿಸಿಲ್ಲ, ಒಪಿಡಿಯಲ್ಲಿ ಕೂತು ನನಗೆ ಅನಿಸಿದ್ದು.

ಅವರಲ್ಲಿ ಕೆಲವರಿಗೆ ಆಮೇಲೆ ಬಟನ್ ಹಾಕಿದೆ. ಅರ್ಧದಷ್ಟು ಜನಕ್ಕೆ ಆರಾಮಾಯಿತು. ಉಳಿದವರಿಗೆ ಎರಡನೇ ಸಲ ಕುಯ್ಸಿಕೊಂಡದ್ದೇ ಬಂತು. ಒಂದು ಮಾತು ಇಲ್ಲಿ ಹೇಳಲೇಬೇಕು. ಬೇರೆ ಕಡೆ ಆಪರೇಷನ್ ಆಗಿ ಮುಂದಿನ ನೋವು ಎಂದು ಬಂದವರಿಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ ಫೀಮರ್ (ತೊಡೆಮೂಳೆ), ಟಿಬಿಯಾ (ಮಂಡಿ ಕೆಳಗಿನ ಮೂಳೆ) ಎರಡರ ಕಾಂಪೊನೆಂಟ್, ಅಂದರೆ ಕೂರಿಸಿದ ಕೃತಕ ಭಾಗ, ಎಷ್ಟು ತಿರುಗಿದೆ ನೋಡಿ. ಕಾಂಪೊನೆಂಟ್ ಒಳಗೆ ತಿರುಗಿ ಕೂತಿದ್ದರೆ ಚಿನ್ನದ ಬಟನ್ ಹಾಕಿದರೂ ನೋವು ಹೋಗುವುದಿಲ್ಲ. ಚಿಪ್ಪಿನ ಮೇಲೆ ಹೊರಿಸುವ ಅರ್ಧ ಅಪವಾದ ಫೀಮರ್‌ದು.

ಇನ್ನು ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಇಂಪ್ಲಾಂಟ್ ಬೆಲೆಗೆ ಸರ್ಕಾರ ಮಿತಿ ಹಾಕಿತಲ್ಲ, ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಕೋಬಾಲ್ಟ್ ಕ್ರೋಮ್ ಸೆಟ್ 54,720ಕ್ಕೆ ಇಳಿಯಿತು, ಜಿಎಸ್‌ಟಿ ಬೇರೆ. ಅದರಲ್ಲಿ ಚಿಪ್ಪಿನ ಬಟನ್ ಪಾಲು ಆಗ 4,090 ರೂಪಾಯಿ. ಅಷ್ಟೇ. ಈ ನಾಲ್ಕು ಸಾವಿರಕ್ಕಾಗಿ ನಾನು ಪಟ್ಟ ಪಾಡು ಕೇಳಬೇಡಿ. ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಸ್ಕೀಮ್ ಪೇಷೆಂಟ್‌ಗಳಿಗೆ ಬರುವ ಪ್ಯಾಕೇಜ್ ಮೊತ್ತ ಒಂದೇ, ಬಟನ್ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮ್ಯಾನೇಜರ್ ಪ್ರತಿ ಬಿಲ್ಲಿಗೂ "ಇದು ಬೇಕೇ ಬೇಕಾ ಡಾಕ್ಟ್ರೇ" ಎಂದು ಸುತ್ತು ಹಾಕಿ ಕಳಿಸುತ್ತಿದ್ದರು. ಕೊನೆಗೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಟ್ಟೆ. ಇಪ್ಪತ್ತು ಮಂಡಿಗೆ ಬಟನ್ ಹಾಕಿದರೆ ಎಂಬತ್ತು ಸಾವಿರ. ನೋವೆಂದು ವಾಪಸ್ ಬಂದ ಒಂದೇ ಮಂಡಿಯನ್ನು ಮತ್ತೆ ತೆರೆದರೆ ಓಟಿ, ಅನಸ್ತೇಷಿಯಾ, ವಾರ್ಡು, ಔಷಧಿ ಸೇರಿ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ಊರಲ್ಲೆಲ್ಲ "ಅಲ್ಲಿ ಆಪರೇಷನ್ ಫೇಲ್" ಎಂಬ ಸುದ್ದಿ. ಆಮೇಲೆ ಫೈಲು ಓಡಿತು. ಬಟನ್ ಅಂಟಿಸುವ ಸಿಮೆಂಟಿನ ಖರ್ಚು ಬೇರೆ ಇಲ್ಲ, ಅದೇ ಮಿಕ್ಸಿನಲ್ಲಿ ಆಗುತ್ತದೆ. ಟೈಮು ಎಂಟು ಹತ್ತು ನಿಮಿಷ ಜಾಸ್ತಿ.

ಬಟನ್ ಸೈಜಿನ ಇನ್ನೊಂದು ಗೋಳು. ಕಂಪನಿ ಹುಡುಗರು ಫೀಮರ್, ಟಿಬಿಯಾ ಎಲ್ಲ ಸೈಜೂ ತರುತ್ತಾರೆ, ಬಟನ್ ಮಾತ್ರ ಮಧ್ಯದ ಎರಡು ಸೈಜು ಹಾಕಿಕೊಂಡು ಬರುತ್ತಾರೆ. ನಮಗೆ ಬೇಕಾದದ್ದು ಸಣ್ಣದು. ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಲು ಹಿಂದಿನ ದಿನವೇ ಫೋನ್ ಮಾಡಬೇಕು. ಟ್ರೇ ತೆರೆದು ನೋಡದೆ ಪೇಷೆಂಟ್ ಬೆನ್ನಿಗೆ ಸ್ಪೈನಲ್ ಅನಸ್ತೇಷಿಯಾ ಕೊಡಿಸಬೇಡಿ.

ಈಗ ಕುಯ್ಯುವ ವಿಷಯ. ಮೊದಲು ಟ್ರೇನಲ್ಲಿ ಬರುವ, ಚಿಪ್ಪನ್ನು ಕಚ್ಚಿ ಹಿಡಿದು ಗರಗಸಕ್ಕೆ ದಾರಿ ತೋರುವ ಕ್ಲಾಂಪ್ ಗೈಡನ್ನೇ ಬಳಸುತ್ತಿದ್ದೆ. ದಪ್ಪ ಚಿಪ್ಪಿಗೆ ಅದು ಒಳ್ಳೆಯದೇ. ತೆಳುವಾಗಿ ಸವೆದದ್ದನ್ನು ಅದರ ಹಲ್ಲು ಹಿಡಿಯುವುದೇ ಇಲ್ಲ, ಹಿಡಿದರೂ ಗರಗಸ ಓಡುವಾಗ ಜಾರುತ್ತದೆ. ಅದರ ಮೇಲೆ ನಮ್ಮವರ ಲ್ಯಾಟರಲ್ ಫ್ಯಾಸೆಟ್ (ಚಿಪ್ಪಿನ ಹೊರಬದಿಯ ಮುಖ) ಸವೆದು ಸವೆದು ದಂತದ ಹಾಗೆ ಗಟ್ಟಿಯಾಗಿರುತ್ತದೆ. ಬ್ಲೇಡ್ ಅಲ್ಲಿ ಕಚ್ಚದೆ ಮೇಲಕ್ಕೆ ಹತ್ತುತ್ತದೆ. ಮೀಡಿಯಲ್ (ಒಳಬದಿ) ಕಡೆ 11, ಲ್ಯಾಟರಲ್ ಕಡೆ 15 ಮಿಮೀ ಮೂಳೆ ಉಳಿದದ್ದೂ ಉಂಟು. ಅಂಥದ್ದರಲ್ಲಿ ಬಟನ್ ವಾಲಿ ಕೂರುತ್ತದೆ. ಚಿಪ್ಪನ್ನು ತೋರಿಸುವ ಸ್ಕೈಲೈನ್ ಎಕ್ಸ್‌ರೇ ನೋಡಿದರೆ ಹೊಟ್ಟೆ ಉರಿಯುತ್ತದೆ. ಪೇಷೆಂಟ್ ಮಾತ್ರ ನಗುತ್ತಾ ನಡೆಯುತ್ತಿರುತ್ತಾರೆ, ಅದು ಬೇರೆ ಮಾತು.

ಗೈಡ್ ಬಿಟ್ಟು ಫ್ರೀಹ್ಯಾಂಡ್‌ಗೆ ಬಂದೆ. ಅಭ್ಯಾಸಕ್ಕೆ ಏನು ಮಾಡುವುದು? ಮಟನ್ ಅಂಗಡಿಯಿಂದ ಕುರಿ ಚಿಪ್ಪು ತರಿಸಿ ನೋಡಿದೆ, ತೀರಾ ಸಣ್ಣದು. ಕೊನೆಗೆ ಹಾಸನದ ಆಲೂಗಡ್ಡೆಯೇ ಗತಿಯಾಯಿತು. ಹಳೇ ಬ್ಲೇಡ್ ಹಾಕಿ, ಟವಲ್ ಕ್ಲಿಪ್ಪಿನಲ್ಲಿ ಹಿಡಿದು, ಸೀಳಿ, ನಾಲ್ಕು ಮೂಲೆಯಲ್ಲೂ ಕ್ಯಾಲಿಪರ್ ಇಟ್ಟು ಅಳೆಯುವುದು. ಒಂದು ಮಿಮೀ ಒಳಗೆ ವ್ಯತ್ಯಾಸ ಬರುವವರೆಗೆ ಬಿಡಲಿಲ್ಲ. ಮನೆಯಲ್ಲಿ ವಾರಗಟ್ಟಲೆ ಪಲ್ಯ, ಬೋಂಡಾ. ನಗಬೇಡಿ, ಕೈಗೆ ಲೆವೆಲ್ ಬಂದದ್ದು ಅಲ್ಲಿಂದಲೇ. ಗಟ್ಟಿ ಫ್ಯಾಸೆಟ್ಟಿನ ಪಾಠ ಮಾತ್ರ ಆಲೂಗಡ್ಡೆ ಕಲಿಸುವುದಿಲ್ಲ.

ಕೇಸಿನಲ್ಲಿ ಹೀಗೆ ಮಾಡುತ್ತೇನೆ. ಫೀಮರ್, ಟಿಬಿಯಾ ಟ್ರಯಲ್ (ಅಳತೆಗೆ ಇಡುವ ತಾತ್ಕಾಲಿಕ ತುಂಡು) ಕೂತ ಮೇಲೆ ಚಿಪ್ಪಿಗೆ ಬರುತ್ತೇನೆ. ಕಾಲು ನೇರ ಇಟ್ಟು ಅದನ್ನು ಪಕ್ಕಕ್ಕೆ ವಾಲಿಸುತ್ತೇನೆ. ಪೂರ್ತಿ ಮಗುಚುವುದಿಲ್ಲ. ಸುತ್ತಲಿನ ಸೈನೋವಿಯಂ (ಕೀಲಿನ ಒಳಪೊರೆ), ಆಸ್ಟಿಯೋಫೈಟ್ ಎಲ್ಲ ತೆಗೆದ ಮೇಲೆಯೇ ಅಳತೆ, ಇಲ್ಲದಿದ್ದರೆ ಕ್ಯಾಲಿಪರ್ ಸುಳ್ಳು ಹೇಳುತ್ತದೆ. ನಮ್ಮಲ್ಲಿ ಹೆಂಗಸರಿಗೆ 19-20 ಮಿಮೀ, ಗಂಡಸರಿಗೆ 22-23 ಸಿಗುವುದು ಹೆಚ್ಚು. ಚಿಪ್ಪಿನ ಮೇಲ್ತುದಿಗೆ ಕ್ವಾಡ್ರಿಸೆಪ್ಸ್ ಟೆಂಡನ್, ಕೆಳತುದಿಗೆ ಪಟೆಲ್ಲಾ ಟೆಂಡನ್ ಅಂಟಿಕೊಂಡ ಜಾಗಗಳ ನಡುವೆ ಕಣ್ಣಿನಲ್ಲೇ ಒಂದು ಗೆರೆ ಎಳೆದು, ಮೀಡಿಯಲ್ ಕಡೆಯಿಂದ ಶುರು. ಗಟ್ಟಿ ಲ್ಯಾಟರಲ್ ಫ್ಯಾಸೆಟ್ಟಿಗೆ ಬ್ಲೇಡ್ ತಲುಪುವ ಮುಂಚೆ ನಾನೊಂದು ಸಣ್ಣ ಕೆಲಸ ಮಾಡುತ್ತೇನೆ, ಎಡಗೈ ಹೆಬ್ಬೆಟ್ಟು ಎಲ್ಲಿಡಬೇಕು ಎಂಬುದೂ ಅದರಲ್ಲೇ ಬರುತ್ತದೆ. ಅದನ್ನು ಬರೆದರೆ ತಿಳಿಯುವುದಿಲ್ಲ. ಓಟಿಗೆ ಬಂದವರಿಗೆ ತೋರಿಸುತ್ತೇನೆ, ಕಾಫಿ ಖರ್ಚು ನಿಮ್ಮದು.

ಉಳಿಯುವ ಮೂಳೆ 12ಕ್ಕಿಂತ ಕೆಳಗೆ ಇಳಿಯಬಾರದು, 13 ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. 20ರ ಚಿಪ್ಪಿಗೆ 8ರ ಬಟನ್ ಅಂದರೆ ಲೆಕ್ಕ ಸರಿಹೋಗುತ್ತದೆ. 19 ಇದ್ದರೆ 12-13 ಉಳಿಸಿ, ಒಟ್ಟು ದಪ್ಪ ಒಂದೆರಡು ಮಿಮೀ ಹೆಚ್ಚಾದರೂ ಬಿಟ್ಟುಬಿಡುತ್ತೇನೆ. ಹೀಗೆ ದಪ್ಪ ಹೆಚ್ಚಿ ಓವರ್‌ಸ್ಟಫ್ ಆಗಿ ಮಂಡಿ ಮಡಚುವುದಿಲ್ಲ ಎಂದು ಹೆದರಿಸಿದ್ದರು. ಒಂದೆರಡು ಮಿಮೀಗೆ ಅಂಥದ್ದೇನೂ ಆಗಿದ್ದು ನಾನು ನೋಡಿಲ್ಲ. ಮೂರು ನಾಲ್ಕು ಆದರೆ ಆಗುತ್ತದೆ. ಕೆಲವು ಸಿಸ್ಟಮ್‌ಗಳಲ್ಲಿ ಸಣ್ಣ ಬಟನ್ ತೆಳುವೂ ಇರುತ್ತದೆ, ಆ ಸಿಸ್ಟಮ್ ನಮಗೆ ಹೇಳಿ ಮಾಡಿಸಿದ್ದು. 18ಕ್ಕಿಂತ ತೆಳುವಾದರೆ ಮುಟ್ಟುವುದಿಲ್ಲ, ಹಳೇ ದಾರಿಯೇ.

ಮೂರು ಸಣ್ಣ ಪೆಗ್ (ಮೂಳೆಯಲ್ಲಿ ಕೂರುವ ಗೂಟ) ಇರುವ ಗುಮ್ಮಟದಾಕಾರದ ಬಟನ್ ನನ್ನ ಆಯ್ಕೆ. ನಡುವೆ ಒಂದೇ ದಪ್ಪ ಪೆಗ್ ಇರುವುದನ್ನು ತೆಳು ಚಿಪ್ಪಿಗೆ ಹಾಕಲು ಕೈ ಬರುವುದಿಲ್ಲ, ಅಷ್ಟು ದೊಡ್ಡ ತೂತು ಕೊರೆದರೆ ಅಲ್ಲಿಂದಲೇ ಬಿರುಕು ಬಿಡಬಹುದು. ಬಟನ್ನನ್ನು ಮೀಡಿಯಲ್ ಕಡೆಗೆ ಸರಿಸಿ ಕೂರಿಸಿ, ಲ್ಯಾಟರಲ್ ಕಡೆ ಉಳಿದ ಮೂಳೆಯನ್ನು ಓರೆಯಾಗಿ ಕೆತ್ತಿ ಬಿಡುತ್ತೇನೆ. ಇಷ್ಟು ಮಾಡಿದರೆ ಲ್ಯಾಟರಲ್ ರಿಲೀಸ್ (ಹೊರಬದಿಯ ಬಿಗಿ ಪದರ ಕತ್ತರಿಸಿ ಸಡಿಲಿಸುವುದು) ಬೇಕಾಗುವುದು ತೀರಾ ಕಡಿಮೆ. ಬೇಕೆನಿಸಿದರೂ ತೊಡೆಗೆ ಬಿಗಿದ ಟೂರ್ನಿಕೆ ಪಟ್ಟಿ ಸಡಿಲಿಸಿ ಇನ್ನೊಮ್ಮೆ ನೋಡಿ, ಎಷ್ಟೋ ಸಲ ಚಿಪ್ಪು ತಾನೇ ಗ್ರೂವ್‌ಗೆ ಬರುತ್ತದೆ. ರಿಲೀಸ್ ಮಾಡುವಾಗ ಸುಪೀರಿಯರ್ ಲ್ಯಾಟರಲ್ ಜೆನಿಕ್ಯುಲೇಟ್ ರಕ್ತನಾಳ ಹೋದರೆ ತೆಳು ಚಿಪ್ಪಿಗೆ ರಕ್ತವೂ ಇಲ್ಲ, ಮೂಳೆಯೂ ಇಲ್ಲ.

ಆ ಒಡೆದ ಕೇಸು ಅರಕಲಗೂಡು ಕಡೆಯವರದು. ಬೈಕ್ ಜಾರಿ ಬಿದ್ದು ಎರಡು ವಾರದ ಮೇಲೆ ಕುಂಟುತ್ತಾ ಬಂದರು. ಚಿಪ್ಪಿನಲ್ಲಿ ಉದ್ದಕ್ಕೆ ಬಿರುಕು, ಬಟನ್ ಅಲುಗಾಡಿಲ್ಲ, ಕಾಲನ್ನು ತಾವೇ ನೇರ ಎತ್ತುತ್ತಿದ್ದರು. ಬ್ರೇಸ್ ಹಾಕಿ ಆರು ವಾರ ಬಿಟ್ಟೆ, ಕೂಡಿಕೊಂಡಿತು. ಆಪರೇಷನ್ ಮಾಡಲು ಹೋಗಿದ್ದರೆ ಕೆಡುತ್ತಿತ್ತು. ಪಿಎಸ್ ಎಂಬ ಮಾದರಿಯ ಇಂಪ್ಲಾಂಟ್ ಹಾಕಿದ ಮಂಡಿಗಳಲ್ಲಿ ಕ್ಲಂಕ್ ಎಂಬ ಶಬ್ದ ಬರುತ್ತದೆ ಎಂದು ಇಬ್ಬರು ಮೂವರು ಬಂದಿದ್ದರು. ಚಿಪ್ಪಿನ ಮೇಲ್ತುದಿಯ ಹಿಂದಿನ ಸೈನೋವಿಯಂ ಚೆನ್ನಾಗಿ ಕೆರೆಯಲು ಶುರು ಮಾಡಿದ ಮೇಲೆ ಅದೂ ನಿಂತಿದೆ.

ನನಗೆ ಗಟ್ಟಿ ನಂಬಿಕೆ ಬಂದದ್ದು ಎರಡೂ ಕಾಲು ಆದವರಿಂದ. ಮೊದಲ ಮಂಡಿ ನನ್ನ ಹಳೇ ಕಾಲದ್ದು, ಬಟನ್ ಇಲ್ಲ. ಎರಡನೆಯದಕ್ಕೆ ಬಟನ್ ಇದೆ. ಅಂಥವರನ್ನು ಹುಡುಕಿ ಹುಡುಕಿ ಯಾವ ಕಾಲು ಹೆಚ್ಚು ಆರಾಮ ಎಂದು ಕೇಳಿದೆ, ಯಾವುದಕ್ಕೆ ಏನು ಹಾಕಿದ್ದೇನೆ ಎಂದು ಮಾತ್ರ ಕೇಳುವ ಮುಂಚೆ ಹೇಳುತ್ತಿರಲಿಲ್ಲ. ಅರ್ಧಕ್ಕರ್ಧ ಜನ "ಎರಡೂ ಒಂದೇ ಸಾರ್" ಎಂದರು. ಉಳಿದವರಲ್ಲಿ ಬಹುಪಾಲು ಬಟನ್ ಇರುವ ಕಾಲನ್ನೇ ತೋರಿಸಿದರು, ಅದೂ ಇಳಿಯುವಾಗ. ಚನ್ನರಾಯಪಟ್ಟಣದ ಒಬ್ಬ ಅಮ್ಮ ನಾನು ಬೇಡವೆಂದರೂ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ ಬಂದುಬಿಟ್ಟಿದ್ದರು. ಆರುನೂರಕ್ಕೂ ಹೆಚ್ಚು ಮೆಟ್ಟಿಲು. "ಇಳಿಯುವಾಗ ಬಲಗಾಲಿನ ಮೇಲೆ ಭಾರ ಬಿಡೋಕೆ ಆಗುತ್ತೆ, ಎಡಗಾಲಿನ ಮೇಲೆ ಬಿಟ್ಟರೆ ನೋವು ಹಿಡಿಯುತ್ತೆ" ಎಂದರು. ನಾನು ಖುಷಿಯಿಂದ ಫೈಲ್ ತೆಗೆದೆ. ಬಟನ್ ಇದ್ದದ್ದು ಎಡಗಾಲಿಗೇ! ಅವರನ್ನು ಲೆಕ್ಕದಿಂದ ಬಿಟ್ಟಿಲ್ಲ, ಬಿಟ್ಟರೆ ಮೋಸ.

ಮುಂದಿನ ನೋವು ಈಗಲೂ ಪೂರ್ತಿ ಹೋಗಿಲ್ಲ. ಇಪ್ಪತ್ತೈದಕ್ಕೆ ಒಬ್ಬರು ಇರಬಹುದು. ರುಮಟಾಯ್ಡ್ ಸಂಧಿವಾತ ಇರುವವರಿಗೆ ಮೊದಲಿನಿಂದಲೂ ಹಾಕುತ್ತಿದ್ದೆ, ಅವರ ಮೂಳೆ ಮೆತ್ತಗೆ, ಕ್ಯಾಲಿಪರ್ ಜೋರಾಗಿ ಒತ್ತಬೇಡಿ. ಪೇಷೆಂಟ್‌ಗೆ ನಾನು ಹೇಳುವುದು ಇಷ್ಟೇ: ಚಿಪ್ಪಿನ ಹಿಂಭಾಗಕ್ಕೂ ಪ್ಲಾಸ್ಟಿಕ್ ಹಾಕುತ್ತೇನೆ, ಒಳಗೆ ನೋಡಿದಾಗ ಚಿಪ್ಪು ತೀರಾ ತೆಳುವಿದ್ದರೆ ಹಾಕುವುದಿಲ್ಲ, ಹಾಕದಿದ್ದರೆ ಅದರ ದುಡ್ಡು ಬಿಲ್ಲಿನಲ್ಲಿ ಕಮ್ಮಿಯಾಗುತ್ತದೆ. ಇದನ್ನು ಕನ್ಸೆಂಟ್‌ನಲ್ಲೂ ಬರೆಸಿಕೊಳ್ಳುತ್ತೇನೆ. ಬಿಲ್ ಕಮ್ಮಿಯಾಯಿತೋ ಇಲ್ಲವೋ ಎಂದು ಡಿಸ್ಚಾರ್ಜ್ ದಿನ ಅವರ ಮಕ್ಕಳು ಮರೆಯದೆ ಕೇಳುತ್ತಾರೆ.