ಕನ್ನಡ ಪದ ಪರೀಕ್ಷಿಸಲು ಆಟೊಮೇಟನ್ ಕಟ್ಟಿದ ಬಗೆ

ಫೈನೈಟ್ ಆಟೊಮೇಟನ್ (ಚಿಹ್ನೆಗಳನ್ನು ಒಂದೊಂದಾಗಿ ಓದಿ, ಸೀಮಿತ ನೆನಪಿನಲ್ಲೇ ಒಪ್ಪುವ ಇಲ್ಲವೇ ತಳ್ಳುವ ಯಂತ್ರದ ಮಾದರಿ) ಅಂದ ಕೂಡಲೇ ನಾನು ವೃತ್ತ, ಬಾಣ ಎಳೆಯಲು ಹೋಗುವುದಿಲ್ಲ. ಮೊದಲು ಕೇಳಿಕೊಳ್ಳುವುದು ಒಂದೇ: ಇಲ್ಲಿವರೆಗೆ ಓದಿದ್ದರಲ್ಲಿ ಮುಂದಕ್ಕೆ ಬೇಕಾಗುವುದು ಏನು? ಬೈನರಿ ಸಂಖ್ಯೆ 3ರಿಂದ ಭಾಗವಾಗುತ್ತದಾ ಅಂತ ನೋಡಲು ಇಡೀ ಸಂಖ್ಯೆ ನೆನಪಿಡಬೇಕಿಲ್ಲ, ಶೇಷ ಸಾಕು. ಅದು 0, 1 ಅಥವಾ 2. ಹಾಗಾಗಿ ಮೂರೇ ಸ್ಟೇಟ್, ಅಂದರೆ ಚಿತ್ರದಲ್ಲಿ ಮೂರು ವೃತ್ತ; ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಬಾಣ. ಶೇಷ 2 ಇದ್ದಾಗ ಮುಂದಿನ ಅಂಕಿ 1 ಬಂತು ಅಂದುಕೊಳ್ಳಿ. ಬೈನರಿಯಲ್ಲಿ ಹಳೆಯದು ಎರಡರಷ್ಟಾಗಿ ಹೊಸ ಅಂಕಿ ಕೂಡುತ್ತದೆ. 2×2+1=5, ಶೇಷ ಮತ್ತೆ 2. ಬಾಣ ಅಲ್ಲೇ ಸುತ್ತಿ ಬರುತ್ತದೆ.

ನನಗೆ ಬೇಕಿದ್ದದ್ದು ಯೂನಿಕೋಡ್‌ನಲ್ಲಿ ಟೈಪಾದ ಕನ್ನಡ ಪದದ ಜೋಡಣೆ ಸರಿ ಇದೆಯಾ ಅಂತ ಹೇಳುವ ಆಟೊಮೇಟನ್. ಕೈಯಲ್ಲಿದ್ದ ವಿವರಣೆ ಇಷ್ಟೇ: ಗುಣಿತದ ಚಿಹ್ನೆ ವ್ಯಂಜನಕ್ಕೇ ಹತ್ತಬೇಕು, ಹಲಂತವೂ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ಹಾಗೇ, ಸೊನ್ನೆ ಅಕ್ಷರದ ಕೊನೆಗೆ ಬರಬೇಕು. ಕೇಳಿದರೆ ಎಲ್ಲಾ ಹೇಳಿದ ಹಾಗಿದೆ, ಅಲ್ವಾ? ಆದರೆ ಪದ ಹಲಂತದಲ್ಲಿ ಮುಗಿಯಬಹುದಾ? ‘ಬಸ್’, ‘ಫೋನ್’ ಇವೆಯಲ್ಲ, ಮುಗಿಯಬಹುದು. ಹಲಂತ ಆದಮೇಲೆ ಸ್ವರ ಬರಬಹುದಾ? ‘ಪೋಸ್ಟ್ಆಫೀಸ್’ ಅಂತ ಕೂಡಿಸಿ ಬರೆಯುವವರಿದ್ದಾರೆ, ಅದನ್ನೂ ಒಪ್ಪಿಕೊಂಡೆ. ಖಾಲಿ ಪದ ಬೇಡ. ಒಪ್ಪಬೇಕಾದ ಪದ, ತಳ್ಳಬೇಕಾದ ಪದ ಅಂತ ಎರಡು ಪಟ್ಟಿ ಬರೆಯುತ್ತಾ ಹೋದರೆ ಇಂಥ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಆಮೇಲೆ ಸ್ಟೇಟ್‌ಗಳು. ಒಂದೊಂದಕ್ಕೂ ಅದು ಏನನ್ನು ನೆನಪಿಡುತ್ತದೆ ಅಂತ ಕನ್ನಡದಲ್ಲೇ ಬರೆಯುತ್ತೇನೆ: ‘ಏನೂ ಓದಿಲ್ಲ’, ‘ಈಗಷ್ಟೇ ವ್ಯಂಜನ ಬಂತು’, ‘ಸ್ವರ ಇಲ್ಲವೇ ಗುಣಿತ ಬಂತು’, ‘ಹಲಂತ ಬಂತು’, ‘ಸೊನ್ನೆ ಇಲ್ಲವೇ ವಿಸರ್ಗ ಬಂತು’, ‘ಕೆಟ್ಟಿತು’. ಕೊನೆಯದಕ್ಕೆ ಹೋದರೆ ವಾಪಸ್ ದಾರಿ ಇಲ್ಲ. ಹೆಸರು ಹೀಗಿದ್ದರೆ ಬಾಣ ಎಲ್ಲಿಗೆ ಹೋಗಬೇಕು ಅಂತ ಜಾಸ್ತಿ ಯೋಚಿಸಬೇಕಾಗುವುದಿಲ್ಲ.

ನನಗೆ ತುಂಬಾ ಇಷ್ಟದ ಹಂತ ಮುಂದಿನದು. ಹಲಂತದ ನಂತರ ವ್ಯಂಜನ ಬರಬಹುದು, ಸ್ವರ ಬರಬಹುದು, ಪದ ಮುಗಿಯಬಹುದು. ಸೊನ್ನೆಯ ನಂತರವೂ ಅಷ್ಟೇ. ಬಂದ ದಾರಿ ಬೇರೆ, ಮುಂದಿನ ದಾರಿ ಒಂದೇ. ಅಂದಮೇಲೆ ಎರಡು ಸ್ಟೇಟ್ ಯಾಕೆ? ಸೇರಿಸಿದೆ, ಐದು ಉಳಿದವು. ಮೈಹಿಲ್-ನೆರೋಡ್ ಪ್ರಮೇಯ ಹೇಳುವುದೂ ಇದನ್ನೇ. ‘ಏನೂ ಓದಿಲ್ಲ’ ಕೂಡ ಇವುಗಳ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಪದ ಮುಗಿಯುವಂತಿಲ್ಲ, ಹಾಗಾಗಿ ಅದು ಬೇರೆಯೇ ಇರಬೇಕು.

‘ಕೋ’ ವಿಷಯ ಮಾತ್ರ ಬೇರೆ. ಯೂನಿಕೋಡ್‌ನಲ್ಲಿ ಅದು ‘ಕ’ ಮತ್ತು ಒಂದು ಚಿಹ್ನೆಯಾಗಿ ಬರಬಹುದು, ‘ಕ’ ಮತ್ತು ಮೂರು ಬಿಡಿ ಚಿಹ್ನೆಗಳಾಗಿಯೂ ಬರಬಹುದು. ನೋಡಲು ಎರಡೂ ಒಂದೇ. ಎರಡನೇ ಚಿಹ್ನೆ ಕಂಡ ಕೂಡಲೇ ನನ್ನ ಆಟೊಮೇಟನ್ ‘ಕೆಟ್ಟಿತು’ ಅನ್ನುತ್ತದೆ. ಇದಕ್ಕೆಂದು ಹೊಸ ಸ್ಟೇಟ್ ಸೇರಿಸಲಿಲ್ಲ. ಪಠ್ಯವನ್ನು ಮೊದಲು ಎನ್‌ಎಫ್‌ಸಿ (ಇಂಥ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ಚಿಹ್ನೆ ಮಾಡುವ ಯೂನಿಕೋಡ್ ರೂಪ) ರೂಪಕ್ಕೆ ತಂದು, ಆಮೇಲೆ ಒಳಗೆ ಬಿಡುತ್ತೇನೆ.